ಅದೇ ಫ್ಯಾನು ನೋಡಲು ಡೆನ್ಮಾರ್ಕಿಗೆ ಯಾಕೆ?

2023ರಲ್ಲಿ ನಾನು ಚಿತ್ರದುರ್ಗದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗದಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ನಾನು ಓದಿದ್ದು ಡಿಪ್ಲೊಮಾ. ಮೋಟಾರು ಬಿಚ್ಚಿ ಜೋಡಿಸುವುದು, ಮೀಟರು ನೋಡುವುದನ್ನು ಕಲಿಸುವುದು, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವವರನ್ನು ಗದರುವುದು ನನ್ನ ಕೆಲಸ. ಇಂಥವನ ಮೇಜಿನ ಮೇಲೆ ಆ ವರ್ಷ ‘ಸ್ಟೂಡೆಂಟ್ ಎಕ್ಸ್‌ಚೇಂಜ್ ಕೋಆರ್ಡಿನೇಟರ್’ ಎಂಬ ಫಲಕ ಬಂದು ಕೂತಿತು. ಡೆನ್ಮಾರ್ಕಿನ ಒಂದು ವಿಶ್ವವಿದ್ಯಾಲಯದ ಜೊತೆ ನಮ್ಮ ಕಾಲೇಜು ಒಪ್ಪಂದ ಮಾಡಿಕೊಂಡಿತ್ತು. ಪ್ರೊಫೆಸರುಗಳಿಗೆ ಅವರವರ ಕೆಲಸವೇ ಸಾಕಷ್ಟಿತ್ತು. ಪ್ರಿನ್ಸಿಪಾಲರು ನನ್ನನ್ನು ಕರೆದು, “ಪೇರೆಂಟ್ಸ್ ಬಂದು ಕೂಗಾಡ್ತಾರೆ. ನಿಮಗೆ ಸಿಟ್ಟು ಬರಲ್ಲ. ಇದನ್ನ ನೀವೇ ನೋಡ್ಕೊಳ್ಳಿ,” ಎಂದರು.

ವಿದೇಶದಲ್ಲಿ ಓದುವುದು ಎಂದರೆ ಜನ ಸಾಮಾನ್ಯವಾಗಿ ತಿಳಿಯುವುದು ಡಿಗ್ರಿ ಮುಗಿಸಿ ಹೋಗುವುದನ್ನು. ಇದು ಬೇರೆ. ಡಿಗ್ರಿಯ ನಡುವೆ ಒಂದು ಸೆಮಿಸ್ಟರ್, ಅಂದರೆ ಅರ್ಧ ವರ್ಷ, ಅಲ್ಲಿ ಓದಿ ವಾಪಸ್ಸು ಬಂದು ಉಳಿದದ್ದನ್ನು ಇಲ್ಲೇ ಮುಗಿಸಬೇಕು. ಅಲ್ಲಿ ಫೀಸು ಇರುವುದಿಲ್ಲ, ಪ್ರಯಾಣಕ್ಕೂ ಊಟ ವಸತಿಗೂ ಸ್ಕಾಲರ್‌ಶಿಪ್ ಉಂಟು. ಪ್ರತಿ ವಿಷಯಕ್ಕೂ ಇಷ್ಟು ತೂಕ ಎಂದು ಇರುತ್ತದೆ, ಅದನ್ನು ಕ್ರೆಡಿಟ್ ಎನ್ನುತ್ತಾರೆ. ಅಲ್ಲಿ ಪಾಸಾದ ವಿಷಯ ಇಲ್ಲಿನ ವಿಷಯಕ್ಕೆ ಹೊಂದಿದರೆ ಆ ಕ್ರೆಡಿಟ್ ಇಲ್ಲಿಗೆ ಜಮೆಯಾಗುತ್ತದೆ. ಹೊಂದದಿದ್ದರೆ ಬಂದ ಮೇಲೆ ಜೂನಿಯರುಗಳ ಜೊತೆ ಕೂತು ಪರೀಕ್ಷೆ ಬರೆಯಬೇಕು. ಇಷ್ಟನ್ನು ಅರ್ಥ ಮಾಡಿಕೊಳ್ಳುವುದಕ್ಕೇ ನನಗೆ ಬಹಳ ದಿನ ಹಿಡಿಯಿತು. ಅರ್ಥವಾದದ್ದನ್ನು ಪ್ರತಿ ಸಂಜೆ ಮನೆಯಲ್ಲಿ ವಿಶಾಲಾಕ್ಷಿಗೆ ಹೇಳಿ ನೋಡುತ್ತಿದ್ದೆ. ಅವಳಿಗೆ ತಿಳಿದರೆ ಎಲ್ಲರಿಗೂ ತಿಳಿಯುತ್ತದೆ ಎಂದು ನನ್ನ ನಂಬಿಕೆ.

ವಿಶಾಲಾಕ್ಷಿ ನನ್ನ ಹೆಂಡತಿ. ಐಮಂಗಲದವಳು. ಹೊಳಲ್ಕೆರೆ ತಾಲ್ಲೂಕಿನಲ್ಲಿ ಆರೋಗ್ಯ ಇಲಾಖೆಯ ಸಿಸ್ಟರ್ ಆಗಿ ಹಳ್ಳಿ ಹಳ್ಳಿ ಸುತ್ತಿ ಮಕ್ಕಳಿಗೆ ಲಸಿಕೆ ಹಾಕಿ ನಿವೃತ್ತಳಾಗಿದ್ದಳು. 2024ರ ಕಾರ್ತಿಕದಲ್ಲಿ ತೀರಿಕೊಂಡಳು. ನಾನು ಬರೆಯಲು ಹೊರಟಿರುವ ಈ ಪ್ರಕರಣದಲ್ಲಿ ನನಗೆ ಸಂಬಳ ಬಂತು, ಕೆಲಸದ ಮುಖ್ಯ ಭಾಗವನ್ನು ಮಾಡಿದವಳು ಅವಳು. ಅದನ್ನು ನಾನಲ್ಲದೆ ಬೇರೆ ಯಾರೂ ಹೇಳಲಾರರು.

ಮೊದಲ ವರ್ಷಕ್ಕೆ ಒಂದೇ ಸೀಟು. ಅರ್ಜಿ ಹಾಕಿದವರಲ್ಲಿ ರಂಜಿತಾ ಎಂಬ ಹುಡುಗಿಯಿದ್ದಳು. ತಾಳ್ಯದಿಂದ ಆಚೆಗೆ ಗುಡ್ಡದ ಬುಡದಲ್ಲಿ ಅವಳ ಹಟ್ಟಿ. ಮನೆಯಲ್ಲಿ ಕುರಿ, ಒಂದಿಷ್ಟು ಹೊಲ. ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ವಿಂಡ್‌ಮಿಲ್ಲುಗಳು. ನಮ್ಮ ಕಡೆ ಅವನ್ನು ಯಾರೂ ವಿಂಡ್‌ಮಿಲ್ ಎನ್ನುವುದಿಲ್ಲ, ‘ಫ್ಯಾನು’ ಎನ್ನುತ್ತಾರೆ. ಹುಟ್ಟಿದಾಗಿನಿಂದ ಫ್ಯಾನಿನ ಸದ್ದು ಕೇಳಿಕೊಂಡೇ ಮಲಗಿದವಳು ರಂಜಿತಾ. ಡೆನ್ಮಾರ್ಕಿನ ಕೋರ್ಸು ಇದ್ದದ್ದು ಗಾಳಿ ವಿದ್ಯುತ್ತಿನ ಮೇಲೆಯೇ.

ಸಂದರ್ಶನ ನಮ್ಮ ಲ್ಯಾಬಿನ ಕಂಪ್ಯೂಟರಿನಲ್ಲಿ ನಡೆಯಿತು. ಆ ಕಡೆ ಇಬ್ಬರು ಪ್ರೊಫೆಸರುಗಳು. ಗಾಳಿಯ ಬಗ್ಗೆ ನಿನಗೇನು ಗೊತ್ತು ಎಂದು ಕೇಳಿದರು. ರಂಜಿತಾ ತಡಬಡಾಯಿಸಿದಳು, ಆಮೇಲೆ ತನ್ನ ಇಂಗ್ಲಿಷಿನಲ್ಲಿ ಹೇಳಿದಳು: ನಮ್ಮ ಗುಡ್ಡದಲ್ಲಿ ಗಾಳಿ ಯಾವ ಕಡೆಯಿಂದ ಎಂದು ತಿಳಿಯಲು ಉಪಕರಣ ಬೇಡ. ಫ್ಯಾನು ಗಾಳಿಗೆ ಮುಖ ಕೊಡುತ್ತದೆ, ಕುರಿ ಬೆನ್ನು ಕೊಡುತ್ತದೆ. ಎರಡನ್ನೂ ನೋಡಿದರೆ ಗೊತ್ತಾಗುತ್ತದೆ. ಅವರಿಬ್ಬರೂ ಜೋರಾಗಿ ನಕ್ಕರು. ಒಬ್ಬರು ಎದ್ದು ಹೋಗಿ ಪಕ್ಕದ ಕೋಣೆಯಿಂದ ಇನ್ನೊಬ್ಬರನ್ನು ಕರೆತಂದು, ಇನ್ನೊಮ್ಮೆ ಹೇಳು ಎಂದರು. ಕ್ಯಾಮೆರಾಕ್ಕೆ ಕಾಣದ ಹಾಗೆ ಗೋಡೆಗೆ ಒರಗಿ ನಿಂತಿದ್ದ ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಮೂರನೆಯ ದಿನ ಇ-ಮೇಲ್ ಬಂತು. ಸೀಟು ಅವಳಿಗೇ.

ಕಾಲೇಜಿನಲ್ಲಿ ಆ ದಿನ ಹಬ್ಬ. ಮರುದಿನವೇ ತೊಡಕು ಶುರುವಾಯಿತು. ಅವಳು ಹೋಗಬೇಕಾದದ್ದು ಆರನೇ ಸೆಮಿಸ್ಟರಿಗೆ, ಅಂದರೆ ಮುಂದಿನ ವರ್ಷದ ಫೆಬ್ರವರಿಯಿಂದ ಜೂನ್‌ವರೆಗೆ. ಅದೇ ಸೆಮಿಸ್ಟರಿನಲ್ಲಿ ಒಂದು ದೊಡ್ಡ ಕಂಪನಿ ಕ್ಯಾಂಪಸ್ ಸೆಲೆಕ್ಷನ್ನಿಗೆ ಬರುವುದಿತ್ತು. ಓದು ಮುಗಿಯುವ ಮೊದಲೇ ಕೆಲಸ ಕೊಡುವ ಆಯ್ಕೆ ಅದು, ರಂಜಿತಾಳ ಅಂಕಗಳಿಗೆ ಅದು ಖಚಿತ ಎಂಬಂತಿತ್ತು. ಜೊತೆಗೆ ಪವರ್ ಸಿಸ್ಟಮ್ಸ್ ಎಂಬ ಒಂದು ವಿಷಯ ಅಲ್ಲಿನ ಯಾವುದಕ್ಕೂ ಹೊಂದಲಿಲ್ಲ. ಹೋದರೆ ಕೈಯಲ್ಲಿರುವ ಕೆಲಸ ಹೋಗುತ್ತದೆ, ಒಂದು ಪರೀಕ್ಷೆ ಹಿಂದೆ ಉಳಿಯುತ್ತದೆ. ಹೋಗದಿದ್ದರೆ ಇಂಥ ಸೀಟು ಮತ್ತೆ ಸಿಗುವುದಿಲ್ಲ. ಒಪ್ಪಿಗೆ ತಿಳಿಸಲು ಅವರು ಕೊಟ್ಟ ಗಡುವು ಆಷಾಢದ ಮಧ್ಯಕ್ಕೆ ಬೀಳುತ್ತಿತ್ತು.

ರಂಜಿತಾಳ ತಂದೆ ಈರಣ್ಣ ಕಾಲೇಜಿಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ನಾನು ಕುರ್ಚಿ ತೋರಿಸಿದರೂ ಕೂರದೆ ಕಿಟಕಿಯಿಂದ ಆಚೆ ಕೈ ತೋರಿಸಿದರು. ಅಲ್ಲಿಂದ ಜೋಗಿಮಟ್ಟಿ ಕಡೆಯ ಗುಡ್ಡದ ಫ್ಯಾನುಗಳು ಕಾಣುತ್ತಿದ್ದವು.

“ಅಲ್ಲೇನ್ ಕಲಿಸ್ತಾರೆ ಸಾರ್?”

“ವಿಂಡ್ ಎನರ್ಜಿ. ಫ್ಯಾನಿಂದ ಕರೆಂಟು ಮಾಡೋದು.”

“ಅದೇ ಫ್ಯಾನು ನೋಡಾಕೆ ಅಷ್ಟು ದೂರ ಯಾಕೋಗ್ಬೇಕು? ನಮ್ ಕುರಿ ರೊಪ್ಪದ ಬಾಗ್ಲಿಂದ ಎಣಿಸ್ಬೋದಲ್ಲ!”

ಪಕ್ಕದಲ್ಲಿದ್ದ ಮಗಳು ತಟ್ಟನೆ ಅಂದಳು: “ಎಣಿಸ್ಬೋದು ಅಪ್ಪ, ಹತ್ರ ಹೋಗಾಕೆ ಬಿಡ್ತಾರಾ? ಗೇಟಿಗೆ ಬೀಗ ಐತೆ. ಕುರಿ ಒಳಗೋದ್ರೆ ನಿನ್ನೇ ಬೈತಾರೆ. ಅಲ್ಲಿ ನನ್ನನ್ನ ಮೇಲಕ್ಕೆ ಹತ್ತಿಸ್ತಾರೆ.”

“ಹತ್ತು, ಹತ್ತು. ಬಿದ್ರೆ ಹಿಡಿಯಾಕೆ ನಾನು ಅಲ್ಲಿಗೆ ಬರ್ಬೇಕಾ?” ಎಂದ ಈರಣ್ಣ ನನ್ನ ಕಡೆ ತಿರುಗಿದರು. ದನಿ ಇಳಿದಿತ್ತು. “ಹೋದವ್ರು ವಾಪಸ್ ಬರ್ತಾರಾ ಸಾರ್?”

ಮೊದಲ ಪ್ರಶ್ನೆಗೆ ನನ್ನ ಬಳಿ ಕಲಿತಿಟ್ಟುಕೊಂಡ ಉತ್ತರಗಳಿದ್ದವು. ವಿದೇಶದ ಅನುಭವ, ವಿಶಾಲ ದೃಷ್ಟಿ, ರೆಸ್ಯೂಮೆಯಲ್ಲಿ ಒಂದು ಒಳ್ಳೆಯ ಸಾಲು. ಅವರ ಮುಖ ನೋಡಿ ಯಾವುದೂ ಬಾಯಿಗೆ ಬರಲಿಲ್ಲ. ಸಂಜೆ ಮನೆಯಲ್ಲಿ ಹೇಳಿದೆ. ವಿಶಾಲಾಕ್ಷಿ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. “ಯಾವ ಹಟ್ಟಿ ಅಂದ್ರಿ? ಆ ಹುಡ್ಗಿಗೆ ನಾನೇ ಸೂಜಿ ಹಾಕಿರ್ಬೇಕು ಕಣ್ರಿ! ನಡೀರಿ, ಹೋಗಾಣ.” ಸೊಪ್ಪನ್ನು ಅಲ್ಲೇ ಬಿಟ್ಟು, ಯಾವ ಸೀರೆ ಉಡಲಿ ಎಂದು ಬೀರು ತೆಗೆದಳು. ಹೋಗುವುದು ಭಾನುವಾರ ಎಂದು ನಾನು ಮೂರು ಸಲ ಹೇಳಬೇಕಾಯಿತು.

ಭಾನುವಾರ ನಾವು ಹಟ್ಟಿ ತಲುಪಿದಾಗ ಮನೆಯ ಜಗುಲಿಯ ಮೇಲೆ ಈರಣ್ಣನವರ ತಾಯಿ ಹನುಮಕ್ಕ ಕೂತಿದ್ದರು. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿ, “ಯಾರದು? ಸೂಜಿ ಅಕ್ಕ ಅಲ್ವೇನೆ!” ಎಂದು ಕೂಗಿದರು. “ಬರ್ರಿ, ಕುಂತ್ಕಳ್ರಿ. ನಿನ್ನ ಕಂಡ್ರೆ ಹಟ್ಟಿ ಹುಡುಗ್ರೆಲ್ಲ ಕಣಜದ ಹಿಂದೆ ಅಡಗ್ತಿದ್ವು.”

“ಈಗ ಸೂಜಿ ತಂದಿಲ್ಲ ಕಣಮ್ಮ. ಮಾತು ತಂದೀನಿ,” ಎಂದಳು ವಿಶಾಲಾಕ್ಷಿ.

ಮಾತಿಗೆ ಅವಕಾಶವೇ ಸಿಗಲಿಲ್ಲ. ಹನುಮಕ್ಕ ಆಗಲೇ ತೀರ್ಮಾನ ಮಾಡಿದ್ದರು: ಗುಡ್ಡದ ರಂಗಪ್ಪನ ಹತ್ತಿರ ಹೂವು ಕೇಳುವುದು. ನಮ್ಮ ಕಡೆ ಇದು ಹಳೆಯ ಪದ್ಧತಿ. ದೇವರ ಎರಡೂ ಪಕ್ಕಕ್ಕೆ ನೀರಿನಲ್ಲಿ ಅದ್ದಿದ ಹೂವು ಅಂಟಿಸಿ, ಕೇಳುವುದನ್ನು ಕೇಳಿ ಕಾಯುತ್ತಾರೆ. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಮದುವೆ, ಬೋರ್‌ವೆಲ್, ಮನೆ ಪಾಯ ಎಲ್ಲಕ್ಕೂ ಕೇಳುತ್ತಾರೆ. ಎಕ್ಸ್‌ಚೇಂಜ್ ಸೆಮಿಸ್ಟರಿಗೆ ಕೇಳಿದ್ದು ಪ್ರಾಯಶಃ ಅದೇ ಮೊದಲು.

ನಾವೆಲ್ಲ ಗುಡ್ಡ ಹತ್ತಿದೆವು. ಫ್ಯಾನುಗಳ ಸಾಲಿನ ಕೆಳಗೆ ಬಾಗಿಲೇ ಇಲ್ಲದ ಒಂದು ಚಿಕ್ಕ ಕಲ್ಲಿನ ಗುಡಿ, ಮುಖ ಪಡುವಣಕ್ಕೆ. ಆಷಾಢದ ಗಾಳಿ ನೇರವಾಗಿ ಒಳಗೆ ನುಗ್ಗುತ್ತಿತ್ತು. ಪೂಜಾರಿ ತಲೆಯಾಡಿಸಿದರು. “ಆಷಾಢದಾಗೆ ಹೂವ ಕೇಳಂಗಿಲ್ಲ ಹನುಮಕ್ಕ. ದೇವ್ರು ಹೇಳಾಕೆ ಮುಂಚೆ ಗಾಳಿನೇ ಹೇಳಿಬಿಡ್ತತೆ.”

“ಡೆನ್‌ಮಾರ್ಕಿನವ್ರು ಶ್ರಾವಣದ ತನ ಕಾಯಲ್ವಂತೆ ಕಣಪ್ಪ. ಕಂಬ್ಳಿ ಅಡ್ಡ ಹಿಡೀರಿ,” ಎಂದರು ಹನುಮಕ್ಕ.

ಗುಡಿಯ ಬಾಯಿಗೆ ದೊಡ್ಡ ಕರಿ ಕಂಬಳಿಯನ್ನು ಅಡ್ಡ ಹಿಡಿದೆವು. ಒಂದು ತುದಿ ಈರಣ್ಣನವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಕಂಬಳಿ ಹಾಯಿಯ ಹಾಗೆ ಉಬ್ಬಿ ನಮ್ಮಿಬ್ಬರನ್ನೂ ಒಳಕ್ಕೆ ತಳ್ಳುತ್ತಿತ್ತು. ಒಳಗೆ ಹಠಾತ್ತನೆ ನಿಶ್ಶಬ್ದ. ಪೂಜಾರಿ ಎರಡು ಕಣಗಿಲೆ ಹೂವು ಅಂಟಿಸಿದರು. ಹನುಮಕ್ಕ ಕೈ ಮುಗಿದು, “ರಂಗಪ್ಪ, ನಮ್ಮುಡುಗಿ ಆ ದೇಶಕ್ಕೆ ಹೋಗ್ಲಾ ಬ್ಯಾಡ್ವಾ, ಹೇಳಪ್ಪ,” ಎಂದರು. ರಂಜಿತಾ ಕಣ್ಣು ಮುಚ್ಚಿದ್ದಳು. ವಿಶಾಲಾಕ್ಷಿ ಮಾತ್ರ ಕಣ್ಣು ಬಿಟ್ಟುಕೊಂಡು, ಕ್ರಿಕೆಟ್ಟಿನ ಕೊನೆಯ ಓವರ್ ನೋಡುವವಳಂತೆ ಬಗ್ಗಿ ನಿಂತಿದ್ದಳು.

ಹೂವು ಅಲುಗಲಿಲ್ಲ. ನನ್ನ ತೋಳು ನೋಯತೊಡಗಿತು. ಆಗ ಬಲಗಡೆಯ ಹೂವು ಒಂದಿಷ್ಟು ಜಾರಿತು. ನನಗೆ ಹಾಗೆ ಕಂಡಿತು. ಈರಣ್ಣನವರಿಗೂ ಕಂಡಿರಬೇಕು. ಮಗಳ ವಿಷಯ, ತಡೆಯಲಾರದೆ ಕತ್ತು ಚಾಚಿ ಇಣುಕಿದರು. ಕಂಬಳಿ ಅವರ ಕೈಯಿಂದ ಜಾರಿತು. ಗಾಳಿ ಒಳಗೆ ನುಗ್ಗಿ ದೀಪ ಆರಿಸಿತು, ಕುಂಕುಮ ಹಾರಿಸಿತು, ಎರಡೂ ಹೂವು ಒಟ್ಟಿಗೇ ಬಿದ್ದವು, ಒಂದು ಬಲಕ್ಕೆ, ಒಂದು ಎಡಕ್ಕೆ.

“ಏನ್ಲೇ ಮಾಡ್ದೆ ಈರ!” ಎಂದು ಹನುಮಕ್ಕ ಮಗನ ಮೇಲೆ ರೇಗಿದರು. ಒಂದು ವಾರಕ್ಕೆ ಒಂದೇ ಸಲ ಕೇಳುವುದು ಕ್ರಮ. ಗಡುವಿಗೆ ಮರುದಿನ ಮಾತ್ರ ಉಳಿದಿತ್ತು. ರಂಜಿತಾಳ ಕಣ್ಣು ತುಂಬಿತು. ಅಷ್ಟರಲ್ಲಿ ವಿಶಾಲಾಕ್ಷಿ ಗಟ್ಟಿಯಾಗಿ ಅಂದಳು:

“ಅಯ್ಯೋ, ಯಾಕ್ ಬೈತೀಯಮ್ಮ? ರಂಗಪ್ಪ ಎರಡೂ ಹೇಳ್ದ ನೋಡು. ಬಲಕ್ಕೆ, ಹೋಗು ಅಂದ. ಎಡಕ್ಕೆ, ಅಲ್ಲೇ ಇರ್ಬ್ಯಾಡ ಅಂದ. ಹೋಗಿ ಬಾ ಅಂದಂಗಾಯ್ತಲ್ಲ!”

ಹನುಮಕ್ಕ ಕೆಳಗೆ ಬಿದ್ದ ಹೂವುಗಳನ್ನು ನೋಡಿದರು. ಆಮೇಲೆ ವಿಶಾಲಾಕ್ಷಿಯನ್ನು. ಬೊಚ್ಚು ಬಾಯಿ ಅಗಲವಾಯಿತು. “ಇವ್ಳು ಸೂಜಿ ಹಾಕಿದ್ದೇ ಗೊತ್ತಾಗಂಗಿಲ್ಲ ನೋಡ್ರಿ,” ಎಂದು ನಕ್ಕರು. ಪೂಜಾರಿ ಗಂಟಲು ಸರಿಮಾಡಿಕೊಂಡು, “ಹಂಗೂ ಹೇಳ್ಬೋದು,” ಎಂದರು. ಆ ಗುಡ್ಡದ ಮೇಲೆ ನಾವು ನಕ್ಕ ನಗು ಗಾಳಿಯ ಸದ್ದನ್ನೂ ಮೀರಿತ್ತು. ಈರಣ್ಣ ಮಾತ್ರ ಕಂಬಳಿ ಮಡಿಸುತ್ತಾ ಅಂದರು: “ಹೋಗ್ಲಿ. ದೇವ್ರು ಅಂದ್ಮೇಲೆ ಹೋಗ್ಲಿ. ಆದ್ರೂ ಅದೇ ಫ್ಯಾನು ನೋಡಾಕೆ ಯಾಕೆ ಅಂತ ಯಾರೂ ನಂಗೆ ಹೇಳ್ಲಿಲ್ಲ.”

ಇಳಿಯುವಾಗ ವಿಶಾಲಾಕ್ಷಿ ರಂಜಿತಾಳ ಕೈ ಹಿಡಿದುಕೊಂಡಿದ್ದಳು. “ನಿಮ್ಮಪ್ಪ ಕೇಳಿದ್ದು ಸರಿಯಾಗೇ ಐತೆ ಕಣೆ. ನಮ್ಮೆಜಮಾನ್ರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ನೀನು ಅಲ್ಲಿ ಅದನ್ನೇ ಹುಡುಕು. ಬಂದು ಅವರಿಗೆ ಹೇಳು.” ಅಷ್ಟು ದಿನ ನಾನು ಪೋಷಕರ ಅನುಮಾನಗಳನ್ನು ಬಾಯಿ ಮುಚ್ಚಿಸಬೇಕಾದ ಅಡ್ಡಿ ಎಂದೇ ತಿಳಿದಿದ್ದೆ. ಅದನ್ನು ಹುಡುಗಿಯ ಕೈಯಲ್ಲಿ ಕೊಟ್ಟು ಕಳಿಸಬಹುದೆಂದು ನನಗೆ ಹೊಳೆದಿರಲಿಲ್ಲ.

ಮುಂದಿನ ಆರು ತಿಂಗಳು ನಮ್ಮ ಮನೆ ಮದುವೆ ಮನೆಯಂತಿತ್ತು. ಪಾಸ್‌ಪೋರ್ಟು, ವೀಸಾ, ಬೆಂಗಳೂರಿಗೆ ಓಡಾಟ. ರಂಜಿತಾ ರಜೆ ಬಂದರೆ ಹಟ್ಟಿಗಿಂತ ಮೊದಲು ನಮ್ಮ ಮನೆಗೆ. ವಿಶಾಲಾಕ್ಷಿ ಡೆನ್ಮಾರ್ಕಿನ ಹವಾಮಾನವನ್ನು ಫೋನಿನಲ್ಲಿ ದಿನಾ ನೋಡಿ, “ಇವತ್ತು ಅಲ್ಲಿ ಮಂಜು ಬಿದ್ದೈತಂತ್ರೀ,” ಎಂದು ನನಗೆ ವರದಿ ಮಾಡುತ್ತಿದ್ದಳು. ಚಟ್ನಿಪುಡಿ, ರಾಗಿ ಹುರಿಹಿಟ್ಟು ಎಲ್ಲ ಪೊಟ್ಟಣ ಕಟ್ಟಿದಳು. ಹನುಮಕ್ಕ ಆ ದಿನ ಗುಡಿಗೆ ಅಡ್ಡ ಹಿಡಿದಿದ್ದ ಕಂಬಳಿಯನ್ನೇ ಕೊಟ್ಟು ಕಳಿಸಿದ್ದರು. ವಿಮಾನದಲ್ಲಿ ಒಯ್ಯಬಹುದಾದ ತೂಕ ಮೀರುತ್ತಿತ್ತು. ವಿಶಾಲಾಕ್ಷಿ ಸೂಟ್‌ಕೇಸು ಅಪ್ಪಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಇಳಿದು, ಬರಿಗೈಯಲ್ಲಿ ಮತ್ತೆ ನಿಂತು, “ನನ್ನ ತೂಕ ಯಾರಿಗೂ ಹೇಳ್ಬ್ಯಾಡ್ರಿ,” ಎಂದು ಲೆಕ್ಕ ಹಾಕಿದಳು. ಕೊನೆಗೆ ಹುರಿಹಿಟ್ಟು ಉಳಿಯಿತು, ಕಂಬಳಿ ಹೋಯಿತು.

ಜನವರಿಯ ಕೊನೆಯಲ್ಲಿ ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಹಟ್ಟಿಯ ಅರ್ಧ ಜನ ನೆರೆದಿದ್ದರು. ಯಾರೋ ಹೆಂಗಸು ಉಡಿ ತುಂಬಲು ಅಕ್ಕಿ, ಕೊಬ್ಬರಿ ತಂದಿದ್ದಳು. ಹನುಮಕ್ಕ ತಡೆದರು. “ಉಡಿ ತುಂಬಾದು ಗಂಡನ ಮನೆಗೆ ಹೋಗೋರಿಗೆ. ಇವ್ಳು ವಾಪಸ್ ಬರೋಳು.” ಬಸ್ಸು ಹೊರಟಾಗ ಈರಣ್ಣ ಕಿಟಕಿಯ ಜೊತೆ ಗೇಟಿನ ತನಕ ಓಡಿದರು.

ಮಾರ್ಚಿನಲ್ಲಿ ದಾವಣಗೆರೆಯ ಡಾಕ್ಟರು ವಿಶಾಲಾಕ್ಷಿಯ ಕಾಯಿಲೆಯ ಹೆಸರು ಹೇಳಿದರು. ರಂಜಿತಾಗೆ ಹೇಳಕೂಡದು ಎಂದು ಅವಳ ಕಟ್ಟಪ್ಪಣೆ. ಭಾನುವಾರದ ವೀಡಿಯೊ ಕರೆಗೆ, ಕೂದಲು ಉದುರಿದ್ದು ಕಾಣದಂತೆ, ತಲೆಯ ಮೇಲೆ ಸೆರಗು ಹೊದ್ದು ಕೂರುತ್ತಿದ್ದಳು. “ಏನ್ ಆಂಟಿ, ಹೊಸ ಸೊಸೆ ಥರ ಸೆರಗು?” ಎಂದರೆ, “ನಿಮ್ಮೂರಿನ ಚಳಿ ಫೋನಿಂದ ಇಲ್ಲಿಗೂ ಬರ್ತೈತೆ ಕಣೆ,” ಎನ್ನುತ್ತಿದ್ದಳು. ರಂಜಿತಾ ಫೋನು ತಿರುಗಿಸಿ ಸಮುದ್ರದೊಳಗೆ ನಿಂತ ಫ್ಯಾನುಗಳನ್ನು ತೋರಿಸುತ್ತಿದ್ದಳು. ಒಂದು ದಿನ ಹೆಲ್ಮೆಟ್ಟು, ಬೆಲ್ಟು ಹಾಕಿಕೊಂಡು ಫ್ಯಾನಿನ ನೆತ್ತಿಯಿಂದ ತೆಗೆದ ವೀಡಿಯೊ ಕಳಿಸಿದಳು. ವಿಶಾಲಾಕ್ಷಿ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತು, “ಹತ್ತಿಬಿಟ್ಲು ಕಣ್ರಿ! ಹತ್ತಿಬಿಟ್ಲು!” ಎಂದು ಪಕ್ಕದ ಮಂಚದವರಿಗೆಲ್ಲ ಆ ಫೋನು ಕೊಟ್ಟಳು. ಡ್ರಿಪ್ಪಿನ ಸೂಜಿ ಕಿತ್ತುಬಂದು ನರ್ಸಿನಿಂದ ಬೈಸಿಕೊಂಡಳು. ಆ ಸಂಜೆ ಅವಳಷ್ಟು ಖುಷಿಯಾಗಿದ್ದವರು ಆ ವಾರ್ಡಿನಲ್ಲಿ ಯಾರೂ ಇರಲಿಲ್ಲ.

ಜುಲೈನಲ್ಲಿ, ಮತ್ತೆ ಆಷಾಢದಲ್ಲೇ, ರಂಜಿತಾ ಬಂದಳು. ಅಷ್ಟರಲ್ಲಿ ನಾನು ನಿವೃತ್ತನಾಗಿದ್ದೆ. ನಮ್ಮ ಮನೆಯ ಬಾಗಿಲಲ್ಲಿ ವಿಶಾಲಾಕ್ಷಿಯನ್ನು ಕಂಡು ಅವಳು ನಿಂತಲ್ಲೇ ನಿಂತಳು. “ಅಳಾಕೆ ಆಮೇಲೆ ಟೈಮ್ ಐತೆ,” ಎಂದಳು ಇವಳು, “ನಿಮ್ಮಪ್ಪನಿಗೆ ಉತ್ತರ ತಂದ್ಯಾ, ಅದ್ಹೇಳು.” ಈರಣ್ಣನೂ ಹನುಮಕ್ಕನೂ ಅಲ್ಲೇ ಇದ್ದರು. ರಂಜಿತಾ ಕಣ್ಣೊರೆಸಿಕೊಂಡು ಫೋನಿನಲ್ಲಿ ಒಂದು ಫೋಟೊ ತೆಗೆದಳು. ಹಸಿರು ಬಯಲು, ಫ್ಯಾನು, ಕೆಳಗೆ ಮೇಯುತ್ತಿರುವ ಕುರಿ.

ಈರಣ್ಣ ನೋಡಿ ನಕ್ಕುಬಿಟ್ಟರು. “ಅದೇ ಫ್ಯಾನು, ಅದೇ ಕುರಿ! ನಾನೇನಂದಿದ್ದೆ?”

“ಫ್ಯಾನು ಅದೇ ಅಪ್ಪ. ಆದ್ರೆ ಈ ಫ್ಯಾನಿಗೆ ಈ ಕುರಿಯವ್ನೇ ಪಾಲುದಾರ. ಊರಿನವ್ರು ಸೇರಿ ಸಂಘ ಮಾಡ್ಕಂಡು ಹಾಕ್ಸಿರಾದು, ನಮ್ಮ ಹಾಲಿನ ಡೇರಿ ಇದ್ದಂಗೆ. ಕರೆಂಟು ಮಾರಿದ್ರೆ ಇವರಿಗೂ ಪಾಲು ಬರ್ತತೆ. ಗೇಟಿಲ್ಲ, ಬೀಗ ಇಲ್ಲ. ನೀನು ಕೇಳಿರ್ಲಿಲ್ಲ ಅಂದ್ರೆ ನಾನು ಫ್ಯಾನು ನೋಡ್ತಿದ್ದೆ, ಈ ಕುರಿಯವ್ನನ್ನ ಮಾತಾಡಿಸ್ತಿರ್ಲಿಲ್ಲ.”

ಈರಣ್ಣ ನಗು ನಿಲ್ಲಿಸಿದರು. ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. “ಕುರಿಯವ್ನೇ?” ಎಂದು ಮತ್ತೆ ಕೇಳಿದರು. ಹನುಮಕ್ಕ ಬಗ್ಗಿ ನೋಡಿ, “ಕುರಿ ಬೆನ್ನು ಗಾಳಿಗೇ ಐತೆ ಬಿಡು, ಅದೇನ್ ಬದಲಾಗಿಲ್ಲ,” ಎಂದರು. ವಿಶಾಲಾಕ್ಷಿ ಗೋಡೆಗೆ ಒರಗಿ ಕೂತು ನನ್ನ ಕಡೆ ನೋಡಿದಳು. ಗೆದ್ದವರು ನೋಡುವ ನೋಟ ಅದು.

ಎಲ್ಲವೂ ಚೆನ್ನಾಗಿಯೇ ಆಯಿತು ಎಂದು ನಾನು ಬರೆಯಲಾರೆ. ಆ ಕಂಪನಿಯ ಕೆಲಸ ಹೋಯಿತು, ಅದು ಮತ್ತೆ ಬರಲಿಲ್ಲ. ಪವರ್ ಸಿಸ್ಟಮ್ಸ್ ಪರೀಕ್ಷೆಯನ್ನು ರಂಜಿತಾ ಜೂನಿಯರುಗಳ ಜೊತೆ ಬರೆದಳು. ಡಿಗ್ರಿ ಮುಗಿದು ಕೆಲವು ತಿಂಗಳು ಖಾಲಿ ಕೂತಿದ್ದು, ಆಮೇಲೆ ಗಾಳಿ ವಿದ್ಯುತ್ತಿನ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕೆ ಸೇರಿದಳು. ಅವರ ಗುಡ್ಡದ ಮೇಲೆ ಇನ್ನಷ್ಟು ಫ್ಯಾನು ಹಾಕುವ ಮಾತು ಬಂದಾಗ ಈರಣ್ಣ ಗ್ರಾಮಸಭೆಯಲ್ಲಿ ಎದ್ದು ನಿಂತು, “ಇದ್ರಾಗೆ ನಮ್ ಪಾಲೇನು?” ಎಂದು ಕೇಳಿದರಂತೆ. ಪಾಲು ಸಿಗಲಿಲ್ಲ. ಫ್ಯಾನಿನ ಕಂಪನಿಯವರು ಬೇಲಿಯೊಳಗೆ ಕುರಿ ಮೇಯಿಸಲು ಬಿಟ್ಟರು, ನೀರಿನ ತೊಟ್ಟಿ ಕಟ್ಟಿಸಿಕೊಟ್ಟರು. ಈ ಸುದ್ದಿ ಕೇಳಲು ವಿಶಾಲಾಕ್ಷಿ ಇರಲಿಲ್ಲ. ಅವಳು ತೀರಿಕೊಂಡ ದಿನ ಹನುಮಕ್ಕ ಗುಡ್ಡದಿಂದ ಕಣಗಿಲೆ ತಂದು ಅವಳ ಎರಡೂ ಪಕ್ಕಕ್ಕೆ ಇಟ್ಟರು.

ನಿವೃತ್ತನಾದರೂ ಜನ ನನ್ನನ್ನು ಕೇಳಿಕೊಂಡು ಬರುತ್ತಾರೆ. ಹೋದ ತಿಂಗಳು ಹೊಸದುರ್ಗದ ಕಡೆಯ ತೆಂಗು ಬೆಳೆಗಾರರ ಮನೆಯಿಂದ ತಾಯಿ, ಮಗಳು ಬಂದಿದ್ದರು. ಮಗಳು ಫುಡ್ ಟೆಕ್ನಾಲಜಿ ಓದುತ್ತಿದ್ದಾಳೆ. ಒಂದು ಸೆಮಿಸ್ಟರ್ ಹಾಲೆಂಡಿಗೆ ಹೋಗುವ ಅವಕಾಶ ಸಿಕ್ಕಿದೆ. “ಕಳಿಸಿದ್ರೆ ಪ್ರಯೋಜನ ಐತಾ ಸಾರ್?” ಎಂದು ತಾಯಿ ಕೇಳಿದರು. ಅಡುಗೆಮನೆಯಿಂದ ಯಾವುದಾದರೂ ಮಾತು ಬರುತ್ತದೇನೋ ಎಂದು ನನ್ನ ಕಿವಿ ಅಭ್ಯಾಸದಂತೆ ಕಾಯುತ್ತಿತ್ತು. ಆಮೇಲೆ ಹುಡುಗಿಯನ್ನು ಕೇಳಿದೆ: “ನಿಮ್ಮನೇಲಿ ಬೇಡ ಅನ್ನೋರು ಯಾರಮ್ಮ?”

“ನಮ್ಮಪ್ಪ.”

“ಏನಂತಾರೆ?”

ಅವಳು ಸಿಡುಕಿದಳು. “ಒಂದು ತೆಂಗಿನ ಮರ ಇಲ್ದಿರೋ ಊರಲ್ಲಿ ಕೊಬ್ರಿ ವಿಷಯ ಏನ್ ಕಲೀತೀಯ ಅಂತಾರೆ. ಅವರಿಗೇನ್ ಗೊತ್ತು ಸಾರ್!”

ನನಗೆ ತಡೆಯಲಾಗದಷ್ಟು ಸಂತೋಷವಾಯಿತು. ಬಹಳ ದಿನಗಳ ಮೇಲೆ ನಾನು ಗಟ್ಟಿಯಾಗಿ ನಕ್ಕಿದ್ದು ಆಗಲೇ. ಹೊರಗೆ ಓದುವುದು ಉಪಯುಕ್ತವೇ ಎಂಬ ಪ್ರಶ್ನೆಗೆ ಉತ್ತರ ಹೋಗುವ ದೇಶದಲ್ಲಿಲ್ಲ, ಬೇಡ ಎನ್ನುವವರ ಬಾಯಲ್ಲಿದೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ನಿಜ ಹೇಳಬೇಕೆಂದರೆ, ಕಲಿಸಿದವಳು ವಿಶಾಲಾಕ್ಷಿ.

“ತುಂಬ ಒಳ್ಳೇ ಪ್ರಶ್ನೆ ಅದು,” ಎಂದೆ. “ಬೇರೆ ಏನು ಬಿಟ್ರೂ ಬಿಡು, ಅದನ್ನ ಮಾತ್ರ ತಗೊಂಡು ಹೋಗು. ಬಂದು ನಿಮ್ಮಪ್ಪನಿಗೆ ಉತ್ತರ ಹೇಳು. ಹೇಳೋವಾಗ ನನ್ನನ್ನೂ ಕರಿ.”